ಅಳಿವೆಯ ಸಣ್ಣ ಮೀನು: ಲೆಕ್ಕ ಯಾಕೆ ಜಾಗಕ್ಕೊಂದು, ಋತುವಿಗೊಂದು?

ಅಳಿವೆಯೊಳಗಿನ ಒಂದು ಕವಲುಕಾಲುವೆಯಲ್ಲಿ ಇಳಿತ ಪೂರ್ತಿಯಾದಾಗ 500 ಚದರ ಮೀಟರಿನಷ್ಟು ನೀರು ಉಳಿದಿದೆ, ಅದರಲ್ಲಿ 5000 ಮರಿಮೀನುಗಳಿವೆ ಎಂದು ಇಟ್ಟುಕೊಳ್ಳೋಣ. ಚದರ ಮೀಟರಿಗೆ ಹತ್ತು ಮೀನಾಯಿತು. ಆರು ಗಂಟೆ ಕಳೆದು ಉಬ್ಬರ ತುಂಬುವಾಗ ನೀರು ದಂಡೆ ಏರಿ, ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ಸಂದಿಗೆ ನುಗ್ಗಿ, ಎರಡು ಹೆಕ್ಟೇರಿಗೆ ಹರಡುತ್ತದೆ. ಮೀನುಗಳೂ ಅದರ ಬೆನ್ನಿಗೇ ಹರಡುತ್ತವೆ. ಈಗ ಲೆಕ್ಕ ಚದರ ಮೀಟರಿಗೆ ಕಾಲು ಮೀನು. ಒಂದೂ ಸತ್ತಿಲ್ಲ, ಒಂದೂ ಹುಟ್ಟಿಲ್ಲ. ಸಾಂದ್ರತೆ ಮಾತ್ರ ನಲವತ್ತರಲ್ಲಿ ಒಂದು ಪಾಲಿಗೆ ಇಳಿದಿದೆ. ಬೆಳಿಗ್ಗೆ ಬಲೆ ಎಳೆದವರ ವರದಿಯೂ ನಿಜ, ಮಧ್ಯಾಹ್ನ ಎಳೆದವರ ವರದಿಯೂ ನಿಜ. ಎರಡನ್ನೂ ಪಕ್ಕಪಕ್ಕ ಇಟ್ಟು ‘ಮೀನು ಕಡಿಮೆಯಾಗಿದೆ’ ಎಂದರೆ ಮಾತ್ರ ಸುಳ್ಳಾಗುತ್ತದೆ.

ಈ ತಪ್ಪಿಗೆ ಬೆಲೆ ತೆರುವುದು ಅಳಿವೆ. ಬಾಯಿಯಲ್ಲಿ ಹೂಳೆತ್ತುವುದು, ಎರಡೂ ಬದಿಗೆ ಕಲ್ಲಿನ ತಡೆಗೋಡೆ ಕಟ್ಟುವುದು, ಉಪ್ಪುನೀರು ಮೇಲೇರದಂತೆ ಅಡ್ಡಗಟ್ಟೆ ಹಾಕುವುದು, ಕಾಂಡ್ಲಾ ಬಯಲು ತುಂಬಿಸಿ ಜೆಟ್ಟಿ ಮಾಡುವುದು, ಇಂಥ ಪ್ರತಿಯೊಂದು ಕೆಲಸಕ್ಕೂ ಮೊದಲು ‘ಇಲ್ಲಿ ಏನೇನು ಮೀನಿದೆ, ಎಷ್ಟಿದೆ’ ಎಂಬ ಪಟ್ಟಿ ಬೇಕಾಗುತ್ತದೆ. ಭಾರತದಲ್ಲಿ ಪರಿಸರ ಪರಿಣಾಮ ಅಂದಾಜಿನ ಹಲವು ವರದಿಗಳು ಮಳೆಗಾಲ ಬಿಟ್ಟು ಒಂದೇ ಋತುವಿನ ಮಾಹಿತಿಯ ಮೇಲೆ ನಿಂತಿರುತ್ತವೆ. ವರ್ಷದ ಗತಿಯನ್ನೇ ಮಳೆಗಾಲ ನಿರ್ಧರಿಸುವ ಅಳಿವೆಯಲ್ಲಿ, ಮಳೆಗಾಲ ಬಿಟ್ಟು ಮಾಡಿದ ಪಟ್ಟಿ ಅರ್ಧ ಪಟ್ಟಿ ಕೂಡ ಅಲ್ಲ.

ಇಲ್ಲಿ ಸಣ್ಣ ಮೀನು ಎಂದರೆ ಎರಡು ಬಗೆ. ಪೂರ್ತಿ ಬೆಳೆದರೂ ಗೇಣುದ್ದ ಮೀರದ ಗೋಬಿ, ಆಂಚೊವಿ, ಗಾಜುಮೀನಿನಂಥವು ಒಂದು. ಮುಂದೆ ದೊಡ್ಡದಾಗಿ ಕಡಲಿಗೆ ಹೋಗಲಿರುವ ಮಲ್ಲೆಟ್, ಕಾಣೆ ಮುಂತಾದವುಗಳ ಮರಿ ಇನ್ನೊಂದು. ಬಲೆಯಲ್ಲಿ ಎರಡೂ ಒಟ್ಟಿಗೇ ಬರುತ್ತವೆ. ಆದರೆ ಮೊದಲನೆಯದರ ಇಡೀ ಬದುಕು ಅಳಿವೆಯಲ್ಲೇ ಕಳೆಯಬಹುದು. ಎರಡನೆಯದಕ್ಕೆ ಅದು ಕೆಲವು ತಿಂಗಳ ತಂಗುದಾಣ. ಏರಿಳಿತದ ಕಾರಣ ಹುಡುಕುವಾಗ ಇವೆರಡನ್ನೂ ಒಂದೇ ರಾಶಿಗೆ ಹಾಕಿದರೆ ಯಾವ ಕಾರಣವೂ ಸಿಗುವುದಿಲ್ಲ.

ಕದಲದ ನೆಲ, ಕದಲುವ ನೀರು

ಅಳಿವೆಯಲ್ಲಿ ಮೀನಿನ ನೆಲೆ ಎರಡು ಪದರ ಸೇರಿ ಆಗುತ್ತದೆ. ಕೆಸರು, ಮರಳು, ಕಾಂಡ್ಲಾ ಬೇರು, ಕಡಲಹುಲ್ಲು, ಸಿಂಪಿಯ ದಿಬ್ಬ, ನಡುವಿನ ಆಳಗಾಲುವೆ ಇವು ನಕ್ಷೆಯಲ್ಲಿ ಗುರುತಿಸಬಹುದಾದ ಪದರ. ಉಪ್ಪು, ಬಿಸಿ, ಆಮ್ಲಜನಕ, ಕದಡು ಇವು ನೀರಿನ ಜತೆ ಚಲಿಸುವ ಪದರ. ಮರಿಗೆ ಅಡಗಲು ಬೇರು ಬೇಕು, ಜತೆಗೆ ಅದರ ಮೈಗೆ ಒಗ್ಗುವ ಉಪ್ಪೂ ಬೇಕು. ಎರಡೂ ಒಂದೆಡೆ ಕೂಡಿದಲ್ಲಿ ಮರಿ ಬೆಳೆಯುತ್ತದೆ. ಬರಗಾಲದ ವರ್ಷ ಒಗ್ಗುವ ಉಪ್ಪಿನ ವಲಯ ಹತ್ತು ಕಿಲೋಮೀಟರ್ ಮೇಲಕ್ಕೆ ಸರಿದು, ಅಲ್ಲಿ ದಂಡೆಯೆಲ್ಲ ಕಲ್ಲು ಕಟ್ಟಿದ ಗೋಡೆಯೇ ಆಗಿದ್ದರೆ, ಕೆಳಗಿರುವ ಹಸಿರು ಕಾಂಡ್ಲಾ ಆ ವರ್ಷದ ಮರಿಗಳಿಗೆ ಇದ್ದೂ ಇಲ್ಲದಂತೆ.

ಕದಲದ ಪದರದಲ್ಲೂ ಒಂದು ಜಾಗವನ್ನು ಒಂಟಿಯಾಗಿ ತೂಗುವಂತಿಲ್ಲ. ಉಬ್ಬರ ಬಂದಾಗ ಕಾಂಡ್ಲಾದೊಳಗೆ ಮೇಯುವ ಮೀನು ಇಳಿತಕ್ಕೆ ಹೊರಬರಲೇಬೇಕು, ಅಲ್ಲಿ ನೀರೇ ಇರುವುದಿಲ್ಲ. ಹೊರಬಂದದ್ದು ನೀರು ಬತ್ತದ ಒಂದು ಕವಲನ್ನೋ ಗುಂಡಿಯನ್ನೋ ಸೇರಿಕೊಳ್ಳಬೇಕು. ಅಂಥ ಆಸರೆ ಹತ್ತಿರವಿಲ್ಲದ ಕಾಂಡ್ಲಾ ಎಷ್ಟೇ ದಟ್ಟವಾಗಿರಲಿ, ಮೀನಿನ ಮಟ್ಟಿಗೆ ಬಡ ಜಾಗ. ಕಡಲಹುಲ್ಲಿನ ಲೆಕ್ಕ ಬೇರೆ. ಅದು ಹೆಚ್ಚಾಗಿ ಇಳಿತದಲ್ಲೂ ಮುಳುಗಿರುವುದರಿಂದ ಮರಿಗಳು ಅಲ್ಲೇ ನೆಲೆ ಊರುತ್ತವೆ. ಬರಿಯ ಕೆಸರು ಬಯಲು ನೋಡಲು ಬರಡು ಎನಿಸಿದರೂ ಮಲ್ಲೆಟ್ ಮರಿಗಳಿಗೆ ಅದೇ ಹುಲ್ಲುಗಾವಲು. ಕೆಸರಿನ ಮೇಲ್ಪದರದ ಕಂದುಬಣ್ಣದ ಸೂಕ್ಷ್ಮ ಪಾಚಿಯನ್ನು ಅವು ಕೆರೆದು ತಿನ್ನುತ್ತವೆ. ನಕ್ಷೆಯಲ್ಲಿ ಹಸಿರು ಕಂಡ ಜಾಗ ಉಳಿಸಿ, ಕಂದು ಕಂಡ ಜಾಗವನ್ನು ‘ಖಾಲಿ’ ಎಂದು ಬಿಟ್ಟುಕೊಡುವ ಯೋಜನೆಗಳು ಈ ಸರಪಳಿಯ ಒಂದು ಕೊಂಡಿಯನ್ನೇ ಕಳಚುತ್ತವೆ.

ಉಪ್ಪು ಮೈಗೆ ಮಾಡುವುದೇನು

ಒಂದು ಕಿಲೋ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮೂಳೆಮೀನುಗಳ ರಕ್ತದ ಉಪ್ಪು ಇದರ ಮೂರನೇ ಒಂದು ಪಾಲಿನ ಆಸುಪಾಸು. ಆದ್ದರಿಂದ ಕಡಲಿನಲ್ಲಿರುವಾಗ ಮೀನಿನ ಮೈಯಿಂದ ನೀರು ಹೊರಗೆ ಸೋರುತ್ತದೆ. ಮೀನು ನೀರು ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರಿನ ವಿಶೇಷ ಕೋಶಗಳಿಂದ ಹೊರದಬ್ಬುತ್ತದೆ. ಸಿಹಿನೀರಿನಲ್ಲಿ ಎಲ್ಲ ತಿರುಗುಮುರುಗು: ನೀರು ಒಳನುಗ್ಗುತ್ತದೆ, ಉಪ್ಪು ಸೋರಿಹೋಗುತ್ತದೆ, ಅದೇ ಕಿವಿರು ಈಗ ಉಪ್ಪನ್ನು ಹೀರಿಕೊಳ್ಳಬೇಕು. ಈ ಕೆಲಸ ಬದಲಿಸಿಕೊಳ್ಳಲು ಹಲವು ಗಂಟೆಗಳಿಂದ ಕೆಲವು ದಿನ ಹಿಡಿಯುತ್ತದೆ. ಮೀನು ಸಣ್ಣದಾದಷ್ಟೂ ತೂಕಕ್ಕೆ ಹೋಲಿಸಿದರೆ ಮೈಯ ಹೊರಮೈ ಹೆಚ್ಚು, ಹಾಗಾಗಿ ಸೋರಿಕೆಯೂ ಹೆಚ್ಚು. ಬೆಳೆದ ಮೀನು ತಾಳಿಕೊಳ್ಳುವ ಮಳೆನೀರಿನ ಹೊಡೆತವನ್ನು ಅದರ 15 ಮಿಲಿಮೀಟರ್ ಮರಿ ತಾಳಲಾರದೆ ಹೋಗುವುದು ಇದರಿಂದಲೇ.

1958ರಲ್ಲಿ ವೆನಿಸ್‌ನಲ್ಲಿ ಸೇರಿದ ವಿಜ್ಞಾನಿಗಳು ಚೌಳುನೀರನ್ನು ಕಿಲೋಗೆ 0.5ರಿಂದ 5, 5ರಿಂದ 18, 18ರಿಂದ 30 ಗ್ರಾಂ ಎಂದು ವಲಯಗಳಾಗಿ ವಿಂಗಡಿಸಿದರು. ಇಂದಿಗೂ ವರದಿಗಳಲ್ಲಿ ಇದೇ ವಿಂಗಡಣೆ ನಡೆಯುತ್ತಿದೆ. ಅದಕ್ಕೂ ಮೊದಲು, 1934ರಲ್ಲಿ, ಅಡಾಲ್ಫ್ ರೆಮಾನೆ ಬಾಲ್ಟಿಕ್ ಸಮುದ್ರದ ತಳಜೀವಿಗಳನ್ನು ನೋಡಿ, 5ರಿಂದ 8 ಗ್ರಾಂ ಉಪ್ಪಿರುವಲ್ಲಿ ಜಾತಿಗಳ ಸಂಖ್ಯೆ ಅತಿ ಕಡಿಮೆ ಎಂದು ತೋರಿಸಿದ್ದರು. ಈ ಮಾತನ್ನು ಉಬ್ಬರವಿಳಿತದ ಅಳಿವೆಯ ಮೀನುಗಳಿಗೆ ಹಾಗೇ ಅಂಟಿಸುವುದು ಸರಿಯಲ್ಲ. ಬಾಲ್ಟಿಕ್‌ನಲ್ಲಿ ಉಬ್ಬರ ಇಲ್ಲವೆನ್ನುವಷ್ಟು ಕಡಿಮೆ, ಉಪ್ಪು ಒಂದೆಡೆ ನಿಂತಿರುತ್ತದೆ. ಅಳಿವೆಯಲ್ಲಿ ಒಂದೇ ಕಂಬದ ಬುಡದಲ್ಲಿ ದಿನಕ್ಕೆ ಎರಡು ಬಾರಿ ಉಪ್ಪು ಏರಿಳಿಯಬಹುದು, ಮೀನಿಗೆ ಈಜಿ ಹೋಗಲು ಬಾಲವೂ ಇದೆ. ಜಾತಿ ಕಡಿಮೆ ಎಂದರೆ ಮೀನು ಕಡಿಮೆ ಎಂದೂ ಅಲ್ಲ. ಕೆಲವೇ ಜಾತಿಗಳು ಲಕ್ಷಗಟ್ಟಲೆ ತುಂಬಿಕೊಳ್ಳುವುದೇ ಅಳಿವೆಯ ಸ್ವಭಾವ.

ಮಳೆಯ ವರ್ಷಚಕ್ರ

ಸಮಶೀತೋಷ್ಣ ವಲಯದ ಅಳಿವೆಗಳಲ್ಲಿ ಋತುವನ್ನು ನಡೆಸುವುದು ಮುಖ್ಯವಾಗಿ ಉಷ್ಣತೆ. ಉತ್ತರ ಅಮೆರಿಕದ ಪೂರ್ವ ಕರಾವಳಿಯ ಅಟ್ಲಾಂಟಿಕ್ ಸಿಲ್ವರ್‌ಸೈಡ್ ಎಂಬ ಬೆರಳುದ್ದದ ಮೀನನ್ನೇ ನೋಡಿ. ವಸಂತದಲ್ಲಿ ಮೊಟ್ಟೆಯಿಡುತ್ತದೆ, ಬೇಸಿಗೆಯಲ್ಲಿ ದಂಡೆಯ ನೀರನ್ನೆಲ್ಲ ತುಂಬುತ್ತದೆ, ಚಳಿಗೆ ಹೊರಗಡಲಿಗೆ ಹೋಗುತ್ತದೆ, ಅಲ್ಲಿ ಬಹುಪಾಲು ಸಾಯುತ್ತದೆ. ಬಹುತೇಕ ಮೀನುಗಳ ಆಯಸ್ಸು ಒಂದೇ ವರ್ಷ. ಮರಿ ಹೆಣ್ಣಾಗುವುದೋ ಗಂಡಾಗುವುದೋ ಎಂಬುದರಲ್ಲೂ ನೀರಿನ ಉಷ್ಣತೆಯ ಪಾತ್ರವಿದೆ ಎಂದು 1981ರಲ್ಲಿ ಕಾನೋವರ್ ಮತ್ತು ಕಿನಾರ್ಡ್ ತೋರಿಸಿದರು; ವಸಂತದ ತಣ್ಣೀರಿನಲ್ಲಿ ಬೆಳೆದವುಗಳಲ್ಲಿ ಹೆಣ್ಣು ಹೆಚ್ಚು.

ಮುಂಗಾರಿನ ಅಳಿವೆಯಲ್ಲಿ ಚುಕ್ಕಾಣಿ ಮಳೆಯ ಕೈಯಲ್ಲಿರುತ್ತದೆ. ಭಾರತದ ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನದಿ ತುಂಬಿ ಹರಿದು ಉಪ್ಪನ್ನು ಬಾಯಿಯವರೆಗೂ ತಳ್ಳುತ್ತದೆ. ಮೇಲ್ಪದರ ಪೂರಾ ಸಿಹಿಯಾದರೂ ಭಾರವಾದ ಕಡಲನೀರು ತಳದಲ್ಲಿ ಬೆಣೆಯ ಹಾಗೆ ಒಳನುಗ್ಗಬಹುದು. ಮೇಲ್ಮೈಯ ಒಂದು ಬಾಟಲಿ ನೀರು ಅಳೆದು ‘ಉಪ್ಪು ಸೊನ್ನೆ’ ಎಂದು ಬರೆದವರು ಕಾಲ ಕೆಳಗಿದ್ದ ಕಡಲನ್ನೇ ಬಿಟ್ಟುಬಿಟ್ಟಿರುತ್ತಾರೆ. ಇದೇ ತಿಂಗಳುಗಳಲ್ಲಿ ಪಶ್ಚಿಮ ಕರಾವಳಿಯ ಹತ್ತಿರದ ಕಡಲಿನಲ್ಲಿ ಆಳದ ತಣ್ಣೀರು ಮೇಲೇಳುತ್ತದೆ, ಅದರಲ್ಲಿ ಆಮ್ಲಜನಕ ಕಡಿಮೆ. ಕೊಚ್ಚಿಯ ಅಳಿವೆಯಲ್ಲಿ ಈ ನೀರು ಉಬ್ಬರದೊಂದಿಗೆ ತಳದಿಂದ ಒಳಬರುವುದು ದಾಖಲಾಗಿದೆ. ಮೇಲೆ ಒಗ್ಗದ ಸಿಹಿನೀರು, ಕೆಳಗೆ ಉಸಿರು ಕಟ್ಟಿಸುವ ಉಪ್ಪುನೀರು. ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಹೆಚ್ಚಿನ ಮೀನುಗಳು ಜಾಗ ಬಿಡುತ್ತವೆ, ಬಿಡಲಾಗದವು ಸಾಯುತ್ತವೆ. ನಡುವೆ ಉಳಿಯುವ ತೆಳುಪದರದಲ್ಲಿ ಮೀನು ಒತ್ತೊತ್ತಾಗಿ ಸೇರಿದಾಗ ಅಲ್ಲಿ ಬಲೆ ಹಾಕಿದವರಿಗೆ ಸಮೃದ್ಧಿ ಎನಿಸಬಹುದು. ನಿಜದಲ್ಲಿ ಅದು ಇಕ್ಕಟ್ಟು.

ಮಳೆ ಹಿಂದೆಗೆದ ಮೇಲೆ ಉಪ್ಪು ಮೆಲ್ಲಗೆ ಒಳಗೇರುತ್ತದೆ. ನದಿ ತಂದ ಗೊಬ್ಬರದ ಅಂಶಕ್ಕೆ ಬಿಸಿಲು ಸೇರಿ ತೇಲುವ ಸೂಕ್ಷ್ಮಜೀವಿಗಳು ಹೆಚ್ಚುತ್ತವೆ, ಕಡಲಿನಲ್ಲಿ ಹುಟ್ಟಿದ ಮರಿಗಳು ಉಬ್ಬರದ ಹರಿವು ಹಿಡಿದು ಒಳಬರುತ್ತವೆ. ಆ ಮರಿಗಳ ಈಜು ಹರಿವಿಗೆ ಎದುರಾಗಿ ನಿಲ್ಲುವಷ್ಟು ಬಲದ್ದಲ್ಲ. ಉಬ್ಬರದಲ್ಲಿ ಮೇಲೆದ್ದು, ಇಳಿತದಲ್ಲಿ ತಳಕ್ಕೆ ಅಂಟಿಕೊಂಡು, ಮೆಟ್ಟಿಲು ಏರಿದಂತೆ ಕೆಲವೇ ದಿನಗಳಲ್ಲಿ ಬಹುದೂರ ಸಾಗುತ್ತವೆ. ಮಾರ್ಚ್‌ನಿಂದ ಮೇ ತನಕ ಕಡಲ ಜಾತಿಗಳು ಬಹಳ ಮೇಲಿನವರೆಗೂ ಸಿಗುತ್ತವೆ. ಹರಿವು ನಿಂತ ಆಳವಿಲ್ಲದ ಕವಲುಗಳಲ್ಲಿ ಆವಿಯಿಂದಾಗಿ ಉಪ್ಪು ಕಡಲಿಗಿಂತಲೂ ಹೆಚ್ಚಾಗಬಹುದು. 30 ಡಿಗ್ರಿ ಬಿಸಿಯ ಕಡಲನೀರು ಲೀಟರಿಗೆ ಹೆಚ್ಚೆಂದರೆ 6 ಮಿಲಿಗ್ರಾಂ ಚಿಲ್ಲರೆ ಆಮ್ಲಜನಕ ಹಿಡಿಯಬಲ್ಲದು. ರಾತ್ರಿಯಿಡೀ ಎಲ್ಲ ಜೀವಿಗಳೂ ಉಸಿರಾಡಿದ ಮೇಲೆ ಬೆಳಗಿನ ಜಾವಕ್ಕೆ ಅದೂ ಉಳಿಯುವುದಿಲ್ಲ. ಹತ್ತು ಗಂಟೆಗೆ ದೋಣಿ ಇಳಿಸಿ ಆಮ್ಲಜನಕ ಅಳೆಯುವವರಿಗೆ ಈ ಸಂಕಟ ಯಾವತ್ತೂ ಕಾಣುವುದಿಲ್ಲ.

ಬಲೆ ಹೇಳುವ ಸುಳ್ಳು

ದಡದಿಂದ ಎಳೆಯುವ 15 ಮೀಟರ್ ಬಲೆ ಎಳೆಯುವಾಗ ಬಿಲ್ಲಿನಂತೆ ಬಾಗಿ ಸುಮಾರು 10 ಮೀಟರ್ ಅಗಲವನ್ನಷ್ಟೇ ಗುಡಿಸುತ್ತದೆ ಎನ್ನೋಣ. 20 ಮೀಟರ್ ಎಳೆದರೆ 200 ಚದರ ಮೀಟರ್. 60 ಮೀನು ಬಿದ್ದರೆ ನೂರು ಚದರ ಮೀಟರಿಗೆ 30. ಪೂರ್ತಿ 15 ಮೀಟರ್ ಅಗಲವನ್ನೇ ಹಿಡಿದು ಲೆಕ್ಕ ಹಾಕಿದವರಿಗೆ ಅದೇ ಮೀನು 20 ಆಗಿಬಿಡುತ್ತದೆ. ಇನ್ನು, ಬರಿಮರಳಿನಲ್ಲಿ ಬಲೆ ಎದುರಿಗಿದ್ದ ನೂರರಲ್ಲಿ 80 ಮೀನು ಹಿಡಿದು, ಕಡಲಹುಲ್ಲಿನಲ್ಲಿ ತಳದ ಹಗ್ಗ ಮೇಲೆದ್ದು ನೂರರಲ್ಲಿ 40 ಹಿಡಿಯಿತೆನ್ನಿ. ಎರಡೂ ಕಡೆ 60 ಮೀನು ಬಿದ್ದರೆ ಮರಳಿನಲ್ಲಿ ಇದ್ದದ್ದು 75, ಹುಲ್ಲಿನಲ್ಲಿ ಇದ್ದದ್ದು 150. ಹುಲ್ಲಿನ ಜಾಗಕ್ಕೆ ಯಾವಾಗಲೂ ಅನ್ಯಾಯವಾಗುವ ಲೆಕ್ಕ ಇದು. ಗಿಡಬೇರು ಇರುವಲ್ಲಿ ಒಂದು ಚದರ ಮೀಟರಿನ, ಮೇಲಿಂದ ಬೀಳಿಸುವ ತಳವಿಲ್ಲದ ಪೆಟ್ಟಿಗೆ ಇಟ್ಟು ಒಳಗಿನದನ್ನೆಲ್ಲ ಗೋರಿ ಎಣಿಸುವುದು ಹೆಚ್ಚು ನಂಬಿಕೆಗೆ ಅರ್ಹ. ದಡಬಲೆಯನ್ನೇ ಬಳಸಬೇಕಾದರೆ, ಸುತ್ತಲೂ ಬಲೆಯ ಗೋಡೆ ಕಟ್ಟಿ ಒಂದೇ ಜಾಗವನ್ನು ಮೂರು ಸಲ ಎಳೆಯಬೇಕು. ಸಲಸಲಕ್ಕೂ ಮೀನು ಕಡಿಮೆಯಾಗುವ ವೇಗ ನೋಡಿದರೆ ಬಲೆ ತಪ್ಪಿಸಿಕೊಂಡವೆಷ್ಟು ಎಂದು ತಿಳಿಯುತ್ತದೆ.

ಬಲೆಯ ಕಣ್ಣು ಋತುವನ್ನೇ ತಿರುಚಬಲ್ಲದು. ಒಂದು ಬಲೆಯ ಕಣ್ಣಿನಿಂದ 25 ಮಿಲಿಮೀಟರ್ ಮರಿ ನುಸುಳಿ ಹೋಗುತ್ತದೆ, 35 ಆದಾಗ ಸಿಗುತ್ತದೆ ಎಂದಾದರೆ, ದಿನಕ್ಕೆ 0.4 ಮಿಲಿಮೀಟರ್ ಬೆಳೆಯುವ ಮರಿ ಬಲೆಗೆ ಕಾಣಿಸಿಕೊಳ್ಳುವುದು 25 ದಿನ ತಡವಾಗಿ. ನವೆಂಬರ್ ಮೊದಲ ವಾರ ಬಂದ ಮರಿಗಳನ್ನು ವರದಿ ತಿಂಗಳ ಕೊನೆಗೆ ಬಂದವು ಎನ್ನುತ್ತದೆ. ಅದನ್ನು ನಂಬಿ ಹೂಳೆತ್ತುವ ಯಂತ್ರಕ್ಕೆ ತಿಂಗಳ ನಡುವಿನವರೆಗೆ ಅನುಮತಿ ಸಿಗುತ್ತದೆ. ಮರಿಗಳಿಗೆ 3 ಮಿಲಿಮೀಟರ್ ಕಣ್ಣಿನ ಬಲೆ ಬೇಕು. ಅದು ಬೇಗ ಕೆಸರು ತುಂಬಿ ಭಾರವಾಗುತ್ತದೆ, ನೀರು ಹಾಯದೆ ಮುಂದೆ ಅಲೆ ತಳ್ಳುತ್ತದೆ, ಆ ಅಲೆಗೆ ಬೆದರಿ ಮೀನು ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ಎಳೆತ ಚಿಕ್ಕದಿರಬೇಕು, ಎಳೆತಗಳ ಸಂಖ್ಯೆ ಹೆಚ್ಚಿರಬೇಕು.

ಹೆಚ್ಚು ಎಳೆತ ಬೇಕೆನ್ನಲು ಇನ್ನೂ ದೊಡ್ಡ ಕಾರಣ ಗುಂಪು. ಹತ್ತು ಎಳೆತಗಳಲ್ಲಿ ಬಿದ್ದದ್ದು ಹೀಗಿರಲಿ: 0, 0, 3, 0, 410, 2, 0, 0, 15, 0. ಸರಾಸರಿ 43. ಆ ಒಂದು ಗುಂಪು ಬಲೆ ತಪ್ಪಿಸಿಕೊಂಡಿದ್ದರೆ ಉಳಿದ ಒಂಬತ್ತರ ಸರಾಸರಿ 2.2. ಆಂಚೊವಿಯಂಥ ಗುಂಪುಮೀನುಗಳಲ್ಲಿ ಇದು ಅಪರೂಪವೇನಲ್ಲ. ಇಂಥ ಅಂಕಿಗಳಿಗೆ ಬರೀ ಸರಾಸರಿ ಹಾಕಿ, ಕಳೆದ ವರ್ಷದ್ದರ ಜತೆ ಹೋಲಿಸಿ, ಶೇಕಡಾವಾರು ಇಳಿಕೆ ಹೇಳುವುದನ್ನು ನಿಲ್ಲಿಸಲೇಬೇಕು. ಎಷ್ಟು ಎಳೆತಗಳಲ್ಲಿ ಮೀನು ಸಿಕ್ಕಿತು, ಸಿಕ್ಕಲ್ಲಿ ಎಷ್ಟು ಸಿಕ್ಕಿತು ಎಂದು ಬೇರೆಬೇರೆಯಾಗಿ ಹೇಳಿದರೆ ಓದುವವರಿಗೆ ನಿಜ ಸ್ಥಿತಿ ಗೊತ್ತಾಗುತ್ತದೆ.

ಮಾಯವಾದವೋ, ಸರಿದವೋ, ಸತ್ತವೋ

ಒಂದು ಜಾಗದಲ್ಲಿ ಡಿಸೆಂಬರ್‌ನಲ್ಲಿದ್ದ ಮರಿಗಳು ಫೆಬ್ರವರಿಯಲ್ಲಿ ಇಲ್ಲವೆಂದರೆ ಉತ್ತರ ಅವುಗಳ ಉದ್ದದಲ್ಲಿದೆ. ತಿಂಗಳು ತಿಂಗಳೂ ಕನಿಷ್ಠ ನೂರು ಮೀನಿನ ಉದ್ದ ಅಳೆದು ಚಿತ್ರಿಸಿದರೆ, ಒಂದೇ ತಂಡದ ಮರಿಗಳು ಒಂದು ಗುಡ್ಡದಂತೆ ಕಂಡು ಬಲಕ್ಕೆ ಸರಿಯುತ್ತಾ ಹೋಗುತ್ತವೆ. ಇಲ್ಲಿ ಮಾಯವಾದ ಗುಡ್ಡ ಬಾಯಿಯ ಹತ್ತಿರ ಇನ್ನಷ್ಟು ದೊಡ್ಡ ಉದ್ದದಲ್ಲಿ ಕಂಡರೆ ಮೀನು ಹೊರಟಿದೆ. ಎಲ್ಲೂ ಕಾಣದಿದ್ದರೆ ಚಿಂತಿಸಬೇಕು. ಗುಡ್ಡ ಮೂರು ತಿಂಗಳೂ 20 ಮಿಲಿಮೀಟರಿನಲ್ಲೇ ನಿಂತಿದ್ದರೆ ಎರಡು ಸಾಧ್ಯತೆ: ಬೆಳವಣಿಗೆ ಕುಂಠಿತವಾಗಿದೆ, ಅಥವಾ ಬೆಳೆದವು ಹೋಗಿ ಹೊಸವು ಬರುತ್ತಲೇ ಇವೆ. ಇದನ್ನು ಬಿಡಿಸುವುದು ಕಿವಿಗಲ್ಲು. ಮೀನಿನ ಒಳಕಿವಿಯ ಈ ಸುಣ್ಣದ ಕಲ್ಲಿನಲ್ಲಿ ದಿನಕ್ಕೊಂದು ಉಂಗುರ ಬೆಳೆಯುತ್ತದೆ ಎಂದು 1971ರಲ್ಲಿ ಪನೆಲ್ಲ ತೋರಿಸಿದ ಮೇಲೆ ಮರಿಯ ವಯಸ್ಸನ್ನು ದಿನಗಳ ಲೆಕ್ಕದಲ್ಲಿ ಹೇಳುವುದು ಸಾಧ್ಯವಾಯಿತು. ಉಂಗುರಗಳಲ್ಲಿರುವ ಸ್ಟ್ರಾನ್ಷಿಯಂ ಪ್ರಮಾಣದಿಂದ ಅದು ಎಷ್ಟು ಉಪ್ಪಿನ ನೀರಿನಲ್ಲಿ ಯಾವಾಗ ಇತ್ತೆಂದೂ ಊಹಿಸಬಹುದು. ಒಂದು ಎಚ್ಚರ: ಮಾದರಿಗಳನ್ನು ಮಾಮೂಲಿ ಫಾರ್ಮಲಿನ್‌ನಲ್ಲಿ ಹಾಕಿಟ್ಟರೆ ಅದರ ಹುಳಿಗೆ ಕಿವಿಗಲ್ಲು ಕರಗುತ್ತದೆ. ಇದಕ್ಕಾಗಿ ಒಂದಷ್ಟು ಮೀನನ್ನು 95 ಶೇಕಡಾ ಎಥೆನಾಲ್‌ನಲ್ಲಿ ಬೇರೆಯೇ ಇಡಬೇಕು. ಎರಡರಲ್ಲೂ ಮೀನು ಕುಗ್ಗುತ್ತದೆ. ತಾಜಾ ಮೀನಿನ ಅಳತೆಯನ್ನೂ ಬಾಟಲಿಯ ಮೀನಿನ ಅಳತೆಯನ್ನೂ ಒಂದೇ ಕೋಷ್ಟಕಕ್ಕೆ ಬೆರೆಸಬಾರದು.

ನೀರು ಸರಿದಾಗ ಮೀನು ಏನಾಗುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಡೆಲ್ಟಾ ಸ್ಮೆಲ್ಟ್‌ಗಿಂತ ಕಠೋರ ಉದಾಹರಣೆ ಕಡಿಮೆ. ಸ್ಯಾನ್ ಫ್ರಾನ್ಸಿಸ್ಕೊ ಅಳಿವೆ ಬಿಟ್ಟು ಬೇರೆಲ್ಲೂ ಇಲ್ಲದ, ಆರೇಳು ಸೆಂಟಿಮೀಟರಿನ, ಹೆಚ್ಚಾಗಿ ಒಂದೇ ವರ್ಷ ಬದುಕುವ ಮೀನು ಅದು. ಒಂದು ವರ್ಷದ ಮರಿಗಳು ಕೆಟ್ಟರೆ ಆಸರೆಗೆ ಹಳೆಯ ತಲೆಮಾರು ಇರುವುದಿಲ್ಲ. ಅದರ ಮರಿಗಳಿಗೆ ಕಡಿಮೆ ಉಪ್ಪಿನ, ಕದಡಿದ ನೀರು ಬೇಕು. ಅಲ್ಲಿ ತಳದ ನೀರಿನ ಉಪ್ಪು ಕಿಲೋಗೆ 2 ಗ್ರಾಂ ಇರುವ ಜಾಗ, ಅಳಿವೆಯ ಬಾಯಿಯಾದ ಗೋಲ್ಡನ್ ಗೇಟ್‌ನಿಂದ ಎಷ್ಟು ಕಿಲೋಮೀಟರ್ ಒಳಗಿದೆ ಎಂಬುದನ್ನು ‘ಎಕ್ಸ್-2’ ಎಂದು ಕರೆಯುತ್ತಾರೆ. 1995ರಿಂದ ನದಿಗೆ ಎಷ್ಟು ನೀರು ಬಿಡಬೇಕೆಂಬ ನಿಯಮದಲ್ಲೇ ಇದು ಸೇರಿದೆ. ಕದಲುವ ಪದರವನ್ನು ಕಾನೂನಿನೊಳಗೆ ತಂದದ್ದು ದೊಡ್ಡ ಹೆಜ್ಜೆ. ಆದರೂ ನೀರನ್ನು ಬೇರೆಡೆಗೆ ಎತ್ತುವುದು ನಿಲ್ಲಲಿಲ್ಲ, 1986ರಲ್ಲಿ ಕಂಡುಬಂದ ಹೊರನಾಡಿನ ಚಿಪ್ಪಿನ ಜೀವಿಯೊಂದು ತೇಲುವ ಆಹಾರವನ್ನೆಲ್ಲ ಸೋಸಿ ತಿಂದಿತು, ನೀರು ತಿಳಿಯಾಯಿತು. 1967ರಿಂದ ನಡೆದ ಶರತ್ಕಾಲದ ಬಲೆ ಸಮೀಕ್ಷೆಗೆ 2018ರಿಂದ ಹಲವು ವರ್ಷ ಒಂದೂ ಡೆಲ್ಟಾ ಸ್ಮೆಲ್ಟ್ ಸಿಗಲಿಲ್ಲ. ಇನ್ನೂ ದಟ್ಟವಾಗಿ ಹುಡುಕಿದ ಬೇರೆ ಸಮೀಕ್ಷೆಗೆ ಬೆರಳೆಣಿಕೆಯಷ್ಟು ಸಿಕ್ಕವು. ಸೊನ್ನೆ ಎಂದರೆ ಅಳಿವು ಎಂದಲ್ಲ, ಆ ಬಲೆಯ ಕೈಗೆ ಸಿಗದಷ್ಟು ವಿರಳ ಎಂದು. 2021ರ ಕೊನೆಯಿಂದ ಸಾಕಿದ ಮರಿಗಳನ್ನು ಪ್ರಾಯೋಗಿಕವಾಗಿ ಬಿಡಲಾಗುತ್ತಿದೆ.

ನಮ್ಮ ದೇಶದಲ್ಲಿ ಕೇರಳದ ವೆಂಬನಾಡು ಸರೋವರದ ತಣ್ಣೀರ್‌ಮುಕ್ಕಂ ಅಡ್ಡಗಟ್ಟೆ 1976ರಿಂದ ಬೇಸಾಯಕ್ಕಾಗಿ ಒಣ ತಿಂಗಳುಗಳಲ್ಲಿ ಮುಚ್ಚಿಕೊಳ್ಳುತ್ತದೆ. ಕಡಲ ಮರಿಗಳು ಮೇಲೇರುವ ಹೊತ್ತೂ ಅದೇ. ಬಾಗಿಲಿನ ಮೇಲ್ಗಡೆ ಆ ಕಾಲದಲ್ಲಿ ಮಾಡಿದ ಎಣಿಕೆ ಬಾಗಿಲಿನ ಎಣಿಕೆಯೇ ಹೊರತು ಮೀನಿನದಲ್ಲ. ಒಡಿಶಾದ ಚಿಲಿಕಾದಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು: ಹೂಳಿನಿಂದ ಬಾಯಿ ಕಟ್ಟಿ ಉಪ್ಪು ಇಳಿದು, 1993ರಲ್ಲಿ ಅಪಾಯದಲ್ಲಿರುವ ಜೌಗುಪ್ರದೇಶಗಳ ಮಾಂಟ್ರೊ ದಾಖಲೆಗೆ ಸೇರಿದ್ದ ಆ ಸರೋವರಕ್ಕೆ 2000ದ ಸೆಪ್ಟೆಂಬರ್‌ನಲ್ಲಿ ಹೊಸ ಬಾಯಿ ತೆರೆದರು. ಉಪ್ಪು ಮರಳಿತು, ಎರಡೇ ವರ್ಷದಲ್ಲಿ ಹಿಡಿಯುವ ಮೀನು ಹಲವು ಪಟ್ಟಾಯಿತು, 2002ರಲ್ಲಿ ಅದು ಆ ದಾಖಲೆಯಿಂದ ಹೊರಬಂತು. ಬಾಯಿ ತೆರೆಯುವುದು ಎಲ್ಲ ಕಡೆಯೂ ಒಳ್ಳೆಯದೆಂದು ಇದರಿಂದ ತಿಳಿಯಬಾರದು. ದಕ್ಷಿಣ ಆಫ್ರಿಕಾದ ಸ್ವಾರ್ಟ್‌ವ್ಲೇಯಲ್ಲಿ 1991ರಲ್ಲಿ ನೆರೆ ಬಂದು ಬಾಯಿ ಮುಚ್ಚಿದ್ದ ಮರಳದಿಬ್ಬ ಒಡೆದಾಗ ನೀರಿನ ಮಟ್ಟ ಥಟ್ಟನೆ ಇಳಿದು, ಬೇಗ ಈಜಲಾರದ ನೈಸ್ನಾ ಕಡಲಕುದುರೆಗಳು ಸಾವಿರಾರು ಸಂಖ್ಯೆಯಲ್ಲಿ ಒಣನೆಲದಲ್ಲಿ ಉಳಿದು ಸತ್ತವು.

ನಂಬಬಹುದಾದ ಸಮೀಕ್ಷೆಗೆ ಬೇಕಾದದ್ದು

ಕನಿಷ್ಠ ಎರಡು ಪೂರ್ತಿ ವರ್ಷ, ಮಳೆಗಾಲವೂ ಸೇರಿ, ತಿಂಗಳಿಗೊಮ್ಮೆ. ಪ್ರತಿ ಸಲವೂ ಚಂದ್ರನ ಅದೇ ಹಂತ, ಉಬ್ಬರದ ಅದೇ ಗಳಿಗೆ. ಹೆಚ್ಚೆಂದರೆ ಒಂದು ಗಂಟೆ ಆಚೀಚೆ. ಬಂದರಿನ ಉಬ್ಬರ ಪಟ್ಟಿ ಬಂದರಿಗೆ ಮಾತ್ರ ಸರಿ, ಇಪ್ಪತ್ತು ಕಿಲೋಮೀಟರ್ ಒಳಗೆ ಅದೇ ಉಬ್ಬರ ಗಂಟೆಗಟ್ಟಲೆ ತಡವಾಗಿ ತಲುಪಬಹುದು. ಹಾಗಾಗಿ ಮೊದಲ ತಿಂಗಳು ಒಂದು ಅಳತೆಕೋಲು ನೆಟ್ಟು ಪ್ರತಿ ಠಾಣೆಯ (ಬಲೆ ಎಳೆಯುವ ಜಾಗದ) ತಡವನ್ನು ಗುರುತಿಸಿಕೊಳ್ಳಬೇಕು. ಠಾಣೆಗಳಲ್ಲಿ ಅರ್ಧ ನೆಲದ ಬಗೆಗೆ ಕಟ್ಟಿದವು, ಜಾಗ ಬದಲಿಸುವುದಿಲ್ಲ. ಉಳಿದರ್ಧ ಉಪ್ಪಿಗೆ ಕಟ್ಟಿದವು: ಆ ದಿನ 5, 15, 25 ಗ್ರಾಂ ಉಪ್ಪು ಎಲ್ಲಿದೆಯೋ ಅಲ್ಲಿಗೆ ದೋಣಿ ಹೋಗಬೇಕು. ಎರಡನೆಯದನ್ನು ಬಿಟ್ಟರೆ, ಸರಿದು ಹೋದ ಮೀನು ಇಲ್ಲವಾದ ಮೀನಿನಂತೆ ಕಾಣುತ್ತದೆ.

ಪ್ರತಿ ಎಳೆತಕ್ಕೂ ಉಪ್ಪು, ಉಷ್ಣತೆ, ಆಮ್ಲಜನಕವನ್ನು ಮೇಲ್ಮೈಯಲ್ಲೂ ತಳಕ್ಕಿಂತ 30 ಸೆಂಟಿಮೀಟರ್ ಮೇಲೂ ಅಳೆಯಬೇಕು. ಒಂದೆರಡು ಕಡೆ 15 ನಿಮಿಷಕ್ಕೊಮ್ಮೆ ತಾನೇ ದಾಖಲಿಸುವ ಉಪಕರಣ ಕಟ್ಟಿದರೆ ಬೆಳಗಿನ ಜಾವದ ಆಮ್ಲಜನಕ ಸಿಗುತ್ತದೆ. ಅದರ ಸಂವೇದಕದ ಮೇಲೆ ಎರಡು ವಾರದಲ್ಲಿ ಪಾಚಿ, ಚಿಪ್ಪು ಕೂತು ಅಂಕಿ ಮೆಲ್ಲಗೆ ದಾರಿ ತಪ್ಪುತ್ತದೆ, ಆದ್ದರಿಂದ ಪ್ರತಿ ಭೇಟಿಯಲ್ಲೂ ಒರೆಸುವ ಮೊದಲೊಮ್ಮೆ, ಒರೆಸಿದ ಮೇಲೊಮ್ಮೆ ಕೈ ಉಪಕರಣದೊಂದಿಗೆ ತಾಳೆ ನೋಡಿ ಬರೆಯಬೇಕು. ಠಾಣೆಯೊಂದಕ್ಕೆ ಮೂರು ಉದ್ದ ಎಳೆತದ ಬದಲು ಎಂಟು–ಹತ್ತು ಚಿಕ್ಕ ಎಳೆತ ಇರಲಿ. ಸೊನ್ನೆ ಬಂದ ಎಳೆತವನ್ನೂ ಅದರ ಸಮಯ, ಉಪ್ಪು, ಬಲೆಯ ಕಣ್ಣಿನೊಂದಿಗೆ ಪುಸ್ತಕದಲ್ಲಿ ಬರೆಯಬೇಕು. ಹಳೆಯ ವರದಿಗಳನ್ನು ಇಂದು ಮತ್ತೆ ಬಳಸಲು ಹೋದಾಗ ಹೆಚ್ಚಾಗಿ ಕಾಣೆಯಾಗಿರುವುದು ಈ ಸೊನ್ನೆಗಳೇ.